ರೆಸಲ್‌ಮೇನಿಯಾ 10: ಅಣ್ಣ-ತಮ್ಮನ ಪಟ್ಟೋ, ಏಣಿಯೋ?

ರೆಸಲ್‌ಮೇನಿಯಾ ಅಂದರೆ ಫಲಿತಾಂಶ ಮೊದಲೇ ನಿರ್ಧಾರವಾಗಿರುವ ಕುಸ್ತಿ ನಡೆಸುವ ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಕಂಪನಿಯ ವರ್ಷದ ದೊಡ್ಡ ಶೋ. 1994ರ ಮಾರ್ಚ್ 20ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಅದರ ಹತ್ತನೇ ಶೋ ಮಾತಿಗೆ ಬಂದರೆ ಸಾಕು, ಅಭಿಮಾನಿಗಳು ಎರಡು ಪಂಗಡ ಆಗುತ್ತಾರೆ. ಶುರುವಿನಲ್ಲೇ ನಡೆದ ಅಣ್ಣ ಬ್ರೆಟ್ ಹಾರ್ಟ್–ತಮ್ಮ ಓವೆನ್ ಹಾರ್ಟ್ ಮ್ಯಾಚನ್ನು ಮೀರಿಸುವಂಥದ್ದು ಆ ರಾತ್ರಿ ಬರಲೇ ಇಲ್ಲ ಎನ್ನುವವರು ಒಂದು ಕಡೆ. ರೇಜರ್ ರಮೋನ್ ಮತ್ತು ಶಾನ್ ಮೈಕಲ್ಸ್ ಏಣಿ ಮ್ಯಾಚಿನ ಮುಂದೆ ಉಳಿದದ್ದೆಲ್ಲ ಸಪ್ಪೆ ಎನ್ನುವವರು ಇನ್ನೊಂದು ಕಡೆ. ಕುಸ್ತಿ ವಿಮರ್ಶಕ ಡೇವ್ ಮೆಲ್ಟ್ಜರ್ ಏಣಿ ಮ್ಯಾಚಿಗೆ 5 ಸ್ಟಾರ್ ಕೊಟ್ಟರು, ಅಣ್ಣ-ತಮ್ಮನ ಮ್ಯಾಚಿಗೆ 4¾. ಅಂತರ ಕಾಲು ಸ್ಟಾರ್ ಮಾತ್ರ. ಆದರೆ ಆ ಕಾಲು ಸ್ಟಾರ್ ಯಾವ ಕಡೆಗೆ ಹೋಗಬೇಕು ಅನ್ನುವುದರಲ್ಲಿ ಕುಸ್ತಿಯನ್ನು ಹೇಗೆ ನೋಡಬೇಕು ಅನ್ನುವ ಪ್ರಶ್ನೆಯೇ ಅಡಗಿದೆ.

ಎರಡನ್ನೂ ಮೂರು ಸಲ, ಮೂರು ರೀತಿಯಲ್ಲಿ ನೋಡಿ ತೂಗಿದ್ದೇವೆ. ಮೊದಲ ಸಲ ಪೆನ್ನು ಮುಟ್ಟದೆ, ಎಲ್ಲೂ ನಿಲ್ಲಿಸದೆ ನೋಡಿದ್ದು. ಎರಡನೇ ಸಲ ಸದ್ದು ಪೂರ್ತಿ ಬಂದ್ ಮಾಡಿ. ಮೂರನೇ ಸಲ ಗಡಿಯಾರ ಪಕ್ಕಕ್ಕಿಟ್ಟುಕೊಂಡು, ಬೇಕಾದಲ್ಲಿ ನಿಲ್ಲಿಸಿ, ನಾಲ್ಕು ಸಂಗತಿ ಬರೆದುಕೊಂಡು: ಈಗ ಮೇಲುಗೈ ಯಾರದು, ಏಟು ಬೀಳುತ್ತಿರುವುದು ದೇಹದ ಯಾವ ಭಾಗಕ್ಕೆ, ಏಟು ತಿಂದವನು ಎರಡು ನಿಮಿಷ ಕಳೆದ ಮೇಲೂ ಆ ಭಾಗವನ್ನು ನೋಯುವ ಭಾಗದಂತೆಯೇ ಬಳಸುತ್ತಿದ್ದಾನೆಯೇ, ಜನ ತಾವಾಗಿಯೇ ಎದ್ದದ್ದು ಯಾವಾಗ. ಸದ್ದು ಬಂದ್ ಮಾಡುವುದಕ್ಕೆ ಕಾರಣ ಇದೆ. ಆ ರಾತ್ರಿ ಕಾಮೆಂಟರಿ ವಿನ್ಸ್ ಮೆಕ್‌ಮಹನ್ ಮತ್ತು ಜೆರ್ರಿ ಲಾಲರ್ ಅವರದು. ಕಾಮೆಂಟರಿ ಕಿವಿಗೆ ಬೀಳುತ್ತಿರುವಷ್ಟು ಹೊತ್ತು ಕಥೆಯನ್ನು ಪೈಲ್ವಾನರು ಹೇಳುತ್ತಿದ್ದಾರೋ ಮೈಕ್ ಹಿಡಿದವರು ಹೇಳುತ್ತಿದ್ದಾರೋ ಗೊತ್ತಾಗುವುದಿಲ್ಲ. ಸದ್ದು ಹೋದರೆ ದೇಹ ಹೇಳದಿದ್ದದ್ದು ಮ್ಯಾಚಿನಲ್ಲಿ ಇರಲೇ ಇಲ್ಲ ಎಂದೇ ಲೆಕ್ಕ. ಒಂದು ಎಚ್ಚರಿಕೆ: ಜನರ ಕೂಗೂ ಜೊತೆಗೇ ಹೋಗುತ್ತದೆ. ಹಾಗಾಗಿ ಪ್ರೇಕ್ಷಕರ ಬಗೆಗಿನ ಟಿಪ್ಪಣಿಯನ್ನು ಮೊದಲ ಸಲ ನೋಡಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ಮೊದಲು ಅಣ್ಣ-ತಮ್ಮನ ಮ್ಯಾಚು. ಇದಕ್ಕೆ ಹಿನ್ನೆಲೆ ಗೊತ್ತಿರಬೇಕು. ಜನವರಿ 22ರ ರಾಯಲ್ ರಂಬಲ್ ಶೋದಲ್ಲಿ ಬ್ರೆಟ್ ಮತ್ತು ಓವೆನ್ ಜೋಡಿಯಾಗಿ ಕ್ವಿಬೆಕರ್ಸ್ ಎಂಬ ಜೋಡಿಯ ವಿರುದ್ಧ ಆಡಿದರು. ಬ್ರೆಟ್ ಮೊಣಕಾಲು ಕೈಕೊಟ್ಟಿತು, ರೆಫರಿ ಮ್ಯಾಚ್ ನಿಲ್ಲಿಸಿದ, ಸಿಟ್ಟಿಗೆದ್ದ ತಮ್ಮ ಅಣ್ಣನ ಅದೇ ಕಾಲಿಗೆ ಒದ್ದ. ಅದೇ ರಾತ್ರಿ ರಂಬಲ್ ಮ್ಯಾಚು, ಅಂದರೆ ಎಲ್ಲರೂ ಹೊರಬಿದ್ದ ಮೇಲೆ ರಿಂಗಿನಲ್ಲಿ ಉಳಿದವನಿಗೆ ಪಟ್ಟದ ಮ್ಯಾಚಿನ ಅವಕಾಶ ಸಿಗುವ ಸ್ಪರ್ಧೆ; ಅದರ ಕೊನೆಯಲ್ಲಿ ಬ್ರೆಟ್ ಮತ್ತು ಲೆಕ್ಸ್ ಲೂಗರ್ ಒಟ್ಟಿಗೆ ಹೊರಗೆ ಬಿದ್ದು ಇಬ್ಬರೂ ವಿಜೇತರೆಂದು ಘೋಷಣೆಯಾಯಿತು. ಹಾಗಾಗಿ ರೆಸಲ್‌ಮೇನಿಯಾದಲ್ಲಿ ಚಾಂಪಿಯನ್ ಯೊಕೊಜುನಾ ಮೊದಲು ಲೂಗರ್‌ನನ್ನು ಎದುರಿಸಬೇಕು, ಬ್ರೆಟ್ ಮೊದಲು ತಮ್ಮನನ್ನು ಎದುರಿಸಿ ಆಮೇಲೆ ಪಟ್ಟದ ಮ್ಯಾಚಿಗೆ ಬರಬೇಕು ಎಂದಾಯಿತು.

ಮ್ಯಾಚು ಸುಮಾರು 20 ನಿಮಿಷ. ಶುರುವಿನಲ್ಲಿ ಕಾಣುವುದು ಬರೀ ಮೂಲಪಾಠ: ಕೈ ತಿರುವುವುದು, ಕತ್ತು ಹಿಡಿಯುವುದು, ಬಿಡಿಸಿಕೊಳ್ಳುವುದು. ಆತುರದಲ್ಲಿ ನೋಡುವವರು ಇಲ್ಲೇ ಓಡಿಸಿಕೊಂಡು ಮುಂದಕ್ಕೆ ಹೋಗುತ್ತಾರೆ, ಹೋಗಬೇಡಿ. ಸದ್ದಿಲ್ಲದೆ ನೋಡಿದರೆ ಈ ಭಾಗವೇ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆ. ಓವೆನ್ ಒಂದು ಸಣ್ಣ ಪಟ್ಟಿನಿಂದ ಬಿಡಿಸಿಕೊಂಡರೂ ಸಾಕು, ಎರಡೂ ಕೈ ಎತ್ತಿ ಪಟ್ಟವೇ ಗೆದ್ದವನಂತೆ ಕುಣಿಯುತ್ತಾನೆ. ಬ್ರೆಟ್ ಮುಖದಲ್ಲಿ ಏನೂ ಇಲ್ಲ. ಎದ್ದು ಮತ್ತೆ ಕೈ ಕೊಡುತ್ತಾನೆ. ತಮ್ಮನಿಗೆ ಪ್ರತಿ ಸೆಕೆಂಡೂ ಸ್ಪರ್ಧೆ, ಅಣ್ಣನಿಗೆ ಇದು ಆದಷ್ಟು ಬೇಗ ಮುಗಿಯಬೇಕಾದ ಸಂಕಟ. ಒಂದು ಮಾತನ್ನೂ ಆಡದೆ ಇಬ್ಬರ ಸ್ವಭಾವ ತಿಳಿಯುತ್ತದೆ. ಮುಂದೆ ಓವೆನ್ ಕೆನ್ನೆಗೆ ಬಾರಿಸಿದಾಗ ಅದು ಏಟಲ್ಲ, ಅವಮಾನ ಎಂದು ಅರ್ಥವಾಗುವುದು ಈ ಶುರುವಿನಿಂದಲೇ.

ತಿರುವು ಬರುವುದು ಬ್ರೆಟ್ ಹಗ್ಗದ ಮೇಲಿಂದ ರಿಂಗ್ ಹೊರಗಿದ್ದ ಓವೆನ್ ಮೇಲೆ ಹಾರಿದಾಗ. ಹಾರಿದ್ದು ಸರಿಯಾಗಿ ಬಿತ್ತು, ಆದರೆ ಇಳಿದ ಕ್ಷಣವೇ ಬ್ರೆಟ್ ಕೈ ಮೊಣಕಾಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಓವೆನ್ ಆಟವೆಲ್ಲ ಆ ಒಂದು ಕಾಲಿನ ಮೇಲೆ: ಒದೆ, ತಿರುಚು, ಕೊನೆಗೆ ಕಾಲುಗಳನ್ನು ಹೆಣೆದು ಹಿಂಡುವ ಫಿಗರ್-ಫೋರ್ ಪಟ್ಟು. ನಮ್ಮ ಮೂರನೇ ಟಿಪ್ಪಣಿ ಇಲ್ಲಿಯೇ ಕೆಲಸಕ್ಕೆ ಬರುತ್ತದೆ. ಕಾಲು ನೋವೆಂದು ತೋರಿಸುವುದು ಸುಲಭ, ಅದನ್ನು ಮರೆಯದೆ ಇರುವುದು ಕಷ್ಟ. ಬ್ರೆಟ್ ಎದ್ದು ತಿರುಗೇಟು ಕೊಡುವಾಗ ಓಟ ಅರ್ಧಕ್ಕೆ ಕುಂಟುತ್ತದೆ, ಒಂದು ಹೊಡೆತದ ನಂತರ ಕಾಲು ಹಿಡಿದು ನಿಲ್ಲುತ್ತಾನೆ. ದೋಷವೂ ಇದೆ: ತನ್ನ ರೂಢಿಯ ಹೊಡೆತಗಳ ಸರಮಾಲೆಗೆ ಬಂದಾಗ ಕುಂಟು ತುಸು ತೆಳುವಾಗುತ್ತದೆ. ಅರ್ಧ ಅಂಕ ಕಳೆಯುವಷ್ಟಲ್ಲ, ಆದರೆ ಕಣ್ಣಿಗೆ ಬೀಳುತ್ತದೆ.

ಮುಕ್ತಾಯವನ್ನು ನಿಧಾನವಾಗಿ ಓಡಿಸಿ ನೋಡಿ. ಬ್ರೆಟ್ ಎದುರಾಳಿಯ ಹೆಗಲೇರಿ ಮುಂದಕ್ಕೆ ಉರುಳುವ ವಿಕ್ಟರಿ ರೋಲ್‌ಗೆ ಹೋಗುತ್ತಾನೆ. ಈ ಪಟ್ಟು ನಡೆಯುವುದು ಕೆಳಗಿದ್ದವನು ಉರುಳಿನ ಜೊತೆ ಮುಂದಕ್ಕೆ ಬಂದರೆ ಮಾತ್ರ. ಅವನು ಉರುಳದೆ ಇದ್ದಲ್ಲೇ ಕೂತುಬಿಟ್ಟರೆ ಮೇಲಿದ್ದವನ ಹೆಗಲೇ ಮ್ಯಾಟಿಗೆ ತಾಗುತ್ತದೆ, ಕಾಲು ತಾನಾಗಿ ಕೈಗೆ ಸಿಗುತ್ತದೆ. ಓವೆನ್ ಮಾಡಿದ್ದು ಅಷ್ಟೇ: ಕೂತ, ಕಾಲು ಹಿಡಿದ, ರೆಫರಿ ಮೂರು ಎಣಿಸಿದ. ಮೋಸ ಇಲ್ಲ, ಆಯುಧ ಇಲ್ಲ, ಹೊರಗಿನವರ ಸಹಾಯ ಇಲ್ಲ. ಖಳನಾಗಿ ಬಂದ ತಮ್ಮ ನ್ಯಾಯವಾಗಿಯೇ ಗೆದ್ದ. ಅಣ್ಣನಿಗೆ ನೆಪ ಹೇಳಲು ಏನೂ ಉಳಿಯಲಿಲ್ಲ. ಮುಂದಿನ ತಿಂಗಳುಗಳ ಜಗಳವನ್ನೆಲ್ಲ ಹೊತ್ತು ನಡೆದದ್ದು ಈ ಮೂರು ಸೆಕೆಂಡು.

ಈಗ ಏಣಿ. 1993ರಲ್ಲಿ ಮೈಕಲ್ಸ್ ಯಾರಿಗೂ ಸೋಲದೆಯೇ ಇಂಟರ್‌ಕಾಂಟಿನೆಂಟಲ್ ಪಟ್ಟ (ಮುಖ್ಯ ಪಟ್ಟದ ನಂತರದ್ದು) ಕಳೆದುಕೊಂಡ, ಖಾಲಿಯಾದ ಪಟ್ಟವನ್ನು ರೇಜರ್ ಗೆದ್ದ, ಮೈಕಲ್ಸ್ ತನ್ನ ಬೆಲ್ಟ್ ಹಿಡಿದುಕೊಂಡೇ ವಾಪಸು ಬಂದ. ಬೆಲ್ಟ್ ಎರಡಾದವು. ಎರಡನ್ನೂ ರಿಂಗಿನ ಮೇಲೆ ನೇತುಹಾಕಿ, ಏಣಿ ಹತ್ತಿ ಇಳಿಸಿಕೊಂಡವನೇ ನಿಜವಾದ ಚಾಂಪಿಯನ್ ಎಂದರು. ಹಿನ್ನೆಲೆ ತಿಳಿಯದವನಿಗೂ ತಲೆ ಎತ್ತಿ ನೋಡಿದ ಕೂಡಲೇ ಜಗಳ ಯಾಕೆಂದು ಗೊತ್ತಾಗುತ್ತದೆ. ಸದ್ದು ಬಂದ್ ಮಾಡಿ ನೋಡಿದಾಗ ಅಣ್ಣ-ತಮ್ಮನ ಮ್ಯಾಚಿಗಿಂತ ಏಣಿ ಮುಂದೆ ಬಂದದ್ದು ಇದೊಂದೇ ವಿಷಯದಲ್ಲಿ, ಆದರೆ ಅಂತರ ಚೆನ್ನಾಗಿಯೇ ಇತ್ತು.

ಮೊದಲ ನಿಮಿಷಗಳಲ್ಲಿ ಏಣಿ ರಿಂಗಿಗೆ ಬರುವುದೇ ಇಲ್ಲ. ಮೈಕಲ್ಸ್ ಜೊತೆ ಬಂದ ಡೀಸಲ್ ಎಂಬ ಪೈಲ್ವಾನ ರಿಂಗಿನ ಹೊರಗಡೆ ರೇಜರ್‌ಗೆ ಬಾರಿಸುತ್ತಾನೆ, ರೆಫರಿ ಅರ್ಲ್ ಹೆಬ್ನರ್ ಡೀಸಲ್‌ನನ್ನು ತೆರೆಮರೆಗೆ ಕಳಿಸುತ್ತಾನೆ. ಇದು ಜಾಣ ಏರ್ಪಾಡು. ಮೂರನೆಯವನನ್ನು ಶುರುವಿನಲ್ಲೇ ದಾಟಿಸಿಬಿಟ್ಟರೆ ಕೊನೆಯಲ್ಲಿ ಯಾರೋ ಬಂದು ಕೆಡಿಸುತ್ತಾರೆ ಎಂಬ ಅನುಮಾನ ನೋಡುವವನಿಗೆ ಉಳಿಯುವುದಿಲ್ಲ. ಆಮೇಲೆ ಏಣಿ ಬರುತ್ತದೆ: ಹೊಟ್ಟೆಗೆ ತಿವಿಯುವ ಕಂಬವಾಗಿ, ಬೆನ್ನಿಗೆ ಎಸೆಯುವ ತೂಕವಾಗಿ, ಕೊನೆಗೆ ಹಾರುವ ಕಟ್ಟೆಯಾಗಿ. ಮೈಕಲ್ಸ್ ಏಣಿಯ ಮೇಲಿಂದ ಮಲಗಿದ್ದ ರೇಜರ್ ಮೇಲೆ ಬೀಳುವ ಚಿತ್ರವನ್ನು ನೋಡದವರಿಲ್ಲ.

ಏಣಿ ಮ್ಯಾಚುಗಳು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಹತ್ತುವವನು ಕಾರಣವಿಲ್ಲದೆ ನಿಧಾನ ಮಾಡುವುದು. ಎದುರಾಳಿ ಎದ್ದು ಬರಬೇಕಲ್ಲ ಎಂದು ಅವನು ಒಂದೊಂದು ಮೆಟ್ಟಿಲಲ್ಲೂ ಕಾಯುತ್ತಾನೆ, ನೋಡುವವನಿಗೆ ಲೆಕ್ಕ ಕಂಡುಬಿಡುತ್ತದೆ. ಇಲ್ಲೂ ಮಧ್ಯದಲ್ಲಿ ಆ ಕುರುಹು ಇದೆ. ಇನ್ನೊಂದು, ಬೀಳುವ ದಿಕ್ಕು. ಏಣಿ ಪಕ್ಕಕ್ಕೆ ವಾಲಿದಾಗ ತುದಿಯಲ್ಲಿದ್ದವನು ಏಣಿಯ ಎತ್ತರದಷ್ಟೇ ದೂರಕ್ಕೆ ಹೋಗಿ ಬೀಳುತ್ತಾನೆ. 20 ಅಡಿ ರಿಂಗಿನಲ್ಲಿ ನಡುವಿನಿಂದ ಹಗ್ಗಕ್ಕೆ 10 ಅಡಿ. ಏಣಿಯನ್ನು ಒಂದು ಮೊಳ ಆಚೆ ಈಚೆ ನಿಲ್ಲಿಸಿದರೂ ಮ್ಯಾಟಿನ ಮೇಲೆ ಬೀಳಬೇಕಾದವನ ಕತ್ತು ಹಗ್ಗಕ್ಕೆ ತಾಗಬಹುದು. ಏಣಿಯನ್ನು ಪದೇ ಪದೇ ಸರಿಸಿ ನಿಲ್ಲಿಸುವುದಕ್ಕೆ ಕಾರಣ ಇದೇ.

ಮುಕ್ತಾಯಕ್ಕೆ ಮಾತ್ರ ಪೂರ್ತಿ ಅಂಕ. ಬೇರೆ ಏಣಿ ಮ್ಯಾಚುಗಳಲ್ಲಿ ಸೋಲುವವನು ಕೊನೆಗೆ ಸುಮ್ಮನೆ ಮಲಗಿರುತ್ತಾನೆ, ಇಷ್ಟು ಹೊತ್ತು ಎದ್ದವನು ಈಗ ಯಾಕೆ ಏಳುತ್ತಿಲ್ಲ ಎಂಬುದಕ್ಕೆ ಉತ್ತರ ಇರುವುದಿಲ್ಲ. ಇಲ್ಲಿ ಮೈಕಲ್ಸ್ ಹಗ್ಗದ ಮೇಲೆ ಬೀಳುತ್ತಾನೆ, ಕಾಲು ಹಗ್ಗಗಳ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಎಚ್ಚರ ಇದೆ, ಕಣ್ಣು ಬೆಲ್ಟಿನ ಮೇಲಿದೆ, ಕಾಲು ಮಾತ್ರ ಬರುತ್ತಿಲ್ಲ. ರೇಜರ್ ಹತ್ತುವ ಪ್ರತಿ ಮೆಟ್ಟಿಲಿಗೂ ಈಗ ಅವಸರ ಇದೆ, ಏಕೆಂದರೆ ಕಾಲು ಯಾವ ಕ್ಷಣವಾದರೂ ಬಿಡಿಸಿಕೊಳ್ಳಬಹುದು. ಎರಡೂ ಬೆಲ್ಟ್ ಕೆಳಗಿಳಿಯುತ್ತವೆ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು: ಈ ಎರಡು ಮ್ಯಾಚಿನ ಬೇರು ಒಂದೇ ಮನೆಯಲ್ಲಿದೆ. ಏಣಿ ಮ್ಯಾಚು ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯ ಸ್ಟಾಂಪೀಡ್ ರೆಸ್ಲಿಂಗ್‌ನಲ್ಲಿ, ಅದನ್ನು ನಡೆಸುತ್ತಿದ್ದವರು ಬ್ರೆಟ್ ಮತ್ತು ಓವೆನ್ ಅವರ ತಂದೆ ಸ್ಟೂ ಹಾರ್ಟ್. ಡಬ್ಲ್ಯುಡಬ್ಲ್ಯುಎಫ್‌ನಲ್ಲೂ 1992ರ ಜುಲೈ 21ರಂದು, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ, ಇದೇ ಮೈಕಲ್ಸ್ ಮೇಲೆ ಏಣಿ ಮ್ಯಾಚು ಆಡಿ ಗೆದ್ದವನು ಬ್ರೆಟ್.

ಶೋದ ಉಳಿದ ಭಾಗಕ್ಕೆ ಹೆಚ್ಚು ಹೊತ್ತು ಬೇಡ. ರ್‍ಯಾಂಡಿ ಸ್ಯಾವೇಜ್–ಕ್ರಷ್ ಮ್ಯಾಚಿನಲ್ಲಿ ದ್ವೇಷ ನಿಜ ಅನ್ನಿಸುತ್ತದೆ, ಕೆಡಿಸಿದ್ದು ನಿಯಮ. ಎದುರಾಳಿಯನ್ನು ರಿಂಗಿನ ಹೊರಗೆ ಚಿತ್ ಮಾಡಬೇಕು, ಆಮೇಲೆ ಅವನಿಗೆ ರಿಂಗಿಗೆ ಮರಳಲು 60 ಸೆಕೆಂಡು. ಚಿತ್ ಆದಾಗಲೆಲ್ಲ ಹೊಡೆದಾಟ ನಿಂತು ಎಲ್ಲರೂ ಗಡಿಯಾರ ನೋಡುತ್ತಾರೆ, ಬಿಸಿ ಆರುತ್ತದೆ. ಅಲುಂಡ್ರಾ ಬ್ಲೇಜ್–ಲೈಲಾನಿ ಕೈ ಮ್ಯಾಚಿಗೆ ಕೊಟ್ಟ ಕೆಲವೇ ನಿಮಿಷ ಇಬ್ಬರಿಗೂ ಸಾಲದು. ಲೂಗರ್–ಯೊಕೊಜುನಾ ಮ್ಯಾಚಿನಲ್ಲಿ ಭುಜದ ನರ ಹಿಚುಕುವ ಪಟ್ಟೇ ಉದ್ದಕ್ಕೂ ನಡೆದು, ಕೊನೆಗೆ ರೆಫರಿಯಾಗಿದ್ದ ಮಿಸ್ಟರ್ ಪರ್ಫೆಕ್ಟ್ ಲೂಗರ್‌ನನ್ನು ಅನರ್ಹಗೊಳಿಸಿದ. ಇದನ್ನು ಓಡಿಸಿಕೊಂಡು ನೋಡಿದರೆ ನಷ್ಟವಿಲ್ಲ.

ಕೊನೆಯ ಮ್ಯಾಚನ್ನು ಮಾತ್ರ ಬಿಡಬೇಡಿ. ಬ್ರೆಟ್–ಯೊಕೊಜುನಾ ಮ್ಯಾಚು ಒಂಟಿಯಾಗಿ ನೋಡಿದರೆ ಸಾಧಾರಣ: ಭಾರಿ ಆಳು ಯೊಕೊಜುನಾ ಎದುರಾಳಿಯ ಎದೆಯ ಮೇಲೆ ಕುಕ್ಕರಿಸುವ ಬ್ಯಾನ್ಜೈ ಡ್ರಾಪ್‌ಗೆ ಹಗ್ಗವೇರಿ ಆಯ ತಪ್ಪಿ ಬೀಳುತ್ತಾನೆ, ಬ್ರೆಟ್ ಕಾಲು ಹಿಡಿದು ಚಿತ್ ಮಾಡುತ್ತಾನೆ, ರೆಫರಿಯಾಗಿ ಬಂದಿದ್ದ ರಾಡಿ ಪೈಪರ್ ಎಣಿಸುತ್ತಾನೆ. ಆದರೆ ಬ್ರೆಟ್ ಆ ಮ್ಯಾಚಿಗೆ ಬರುವುದು ಕುಂಟುತ್ತಾ. ಶೋದ ಮೊದಲ ಮ್ಯಾಚಿನಲ್ಲಿ ತಮ್ಮ ತಿರುಚಿದ ಕಾಲು ಕೊನೆಯ ಮ್ಯಾಚಿನಲ್ಲೂ ನೋಯುತ್ತಿದೆ. ಏಣಿ ಮ್ಯಾಚಿನಲ್ಲಿ ಬಿದ್ದ ಏಟುಗಳು ಎಷ್ಟೇ ದೊಡ್ಡವಾದರೂ ಬೆಲ್ಟ್ ಕೆಳಗಿಳಿದ ಕೂಡಲೇ ಅವುಗಳ ಲೆಕ್ಕ ಮುಗಿಯಿತು. ಒಂದು ಮೊಣಕಾಲಿನ ಲೆಕ್ಕ ಇಡೀ ಶೋ ಉದ್ದಕ್ಕೂ ನಡೆಯಿತು.

ಆದ್ದರಿಂದ ನಮ್ಮ ತೀರ್ಪು ಹೀಗೆ. ಮ್ಯಾಚುಗಳನ್ನು ಬಿಡಿಬಿಡಿಯಾಗಿ ತೂಗಿದರೆ ಏಣಿಗೆ 5, ಅಣ್ಣ-ತಮ್ಮನಿಗೆ 4¾ ಎಂಬುದರಲ್ಲಿ ತಕರಾರಿಲ್ಲ. ಶೋ ಪೂರ್ತಿ ತೂಗಿದರೆ ಕಾಲು ಸ್ಟಾರ್ ಅತ್ತಿಂದ ಇತ್ತ ಬರಬೇಕು. ಕುಸ್ತಿ ಶೋ ಎಂದೂ ನೋಡದವರನ್ನು ಕೂರಿಸಿಕೊಂಡು ಒಂದೇ ಮ್ಯಾಚು ತೋರಿಸುವುದಾದರೆ ಏಣಿಯನ್ನೇ ಹಾಕಿ, ವಿವರಣೆ ಬೇಕಾಗುವುದಿಲ್ಲ. ಎಲ್ಲ ಮೊದಲೇ ನಿರ್ಧಾರವಾಗಿರುವಾಗ ಇದರಲ್ಲಿ ನೋಡುವುದೇನಿದೆ ಎಂದು ಕೇಳುವವರಿಗೆ ಬ್ರೆಟ್–ಓವೆನ್ ಹಾಕಿ, ಅವರ ಕಣ್ಣನ್ನು ಎಡೆಬಿಡದೆ ಆ ಮೊಣಕಾಲಿನ ಮೇಲಿಡಿಸಿ.

ಮುಂದುವರಿದು ನೋಡುವವರಿಗೆ ಎರಡಕ್ಕೂ ಒಂದೊಂದು ಜೊತೆ ಇದೆ. 1994ರ ಆಗಸ್ಟ್ 29ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅಣ್ಣ-ತಮ್ಮ ಪಂಜರದೊಳಗೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಆಡಿದರು; 1995ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ರೇಜರ್ ಮತ್ತು ಮೈಕಲ್ಸ್ ಮತ್ತೆ ಏಣಿ ಹತ್ತಿದರು, ಆ ಸಲ ಗೆದ್ದದ್ದು ಮೈಕಲ್ಸ್. ಇವಕ್ಕೆ ಹೋಗುವ ಮುನ್ನ ರೆಸಲ್‌ಮೇನಿಯಾದ ಕೊನೆಯ ಎರಡು ನಿಮಿಷ ಮತ್ತೊಮ್ಮೆ ನೋಡಿ. ಜೊತೆಯ ಪೈಲ್ವಾನರೆಲ್ಲ ಬ್ರೆಟ್‌ನನ್ನು ಹೆಗಲ ಮೇಲೆ ಹೊತ್ತಿದ್ದಾರೆ, ಕೈಯಲ್ಲಿ ಪಟ್ಟ ಇದೆ. ಬರುವ ದಾರಿಯಲ್ಲಿ ಓವೆನ್ ಒಬ್ಬನೇ ನಿಂತು, ಮೇಲಕ್ಕೆ ಅಣ್ಣನನ್ನೇ ನೋಡುತ್ತಿದ್ದಾನೆ.