ಕೆಂಪು ಗಾಜಿನ 20×50 ಬೈನಾಕ್ಯುಲರ್ ಕಂಡರೆ ದೂರ ಇರಿ

ಆಕಾಶ ನೋಡೋಕೆ 10×50 (ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ, ಎರಡನೇದು ಮುಂದಿನ ಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ) ಸಾಕು, 7×50 ಆದರೂ ನಡೆಯುತ್ತೆ ಅಂತ ಕಂಡವರಿಗೆಲ್ಲ ಹೇಳೋನು ನಾನೇ. ಆದರೂ ಆನ್‌ಲೈನ್‌ನಲ್ಲಿ '20×50, ನೈಟ್ ವಿಷನ್' ಅಂತ ನೋಡಿ 2,800 ರೂಪಾಯಿ ಕಳಕೊಂಡೆ. ನಾಚಿಕೆ ಆಗುತ್ತೆ, ಆದರೂ ಬರೀತಿದ್ದೀನಿ.

ಮೊದಲ ಐದು ದಿನ ಮೋಡ. ಆರನೇ ರಾತ್ರಿ ಗುರುಗ್ರಹಕ್ಕೆ ಹಿಡಿದರೆ ಎರಡು ಗುರು! ಒಂದರ ಮೇಲೊಂದು. ಫೋಕಸ್ ಎಷ್ಟು ತಿರುಗಿಸಿದರೂ ಒಂದಾಗಲ್ಲ. ಒಳಗೆ ಪ್ರಿಸಂ (ಬೆಳಕಿನ ದಾರಿ ತಿರುಗಿಸೋ ಗಾಜಿನ ತುಂಡು) ಜರುಗಿ ಎರಡು ಕೊಳವೆಗಳು ಬೇರೆ ಬೇರೆ ಕಡೆ ನೋಡ್ತಾ ಇರುತ್ತವೆ, ಅದಕ್ಕೇ ಹೀಗೆ. ಹಗಲು ಎದುರಿನ ಮನೆ ನೋಡಿದಾಗ ಗೊತ್ತಾಗಲ್ಲ, ಕಣ್ಣೇ ಹೊಂದಿಸಿಕೊಳ್ಳುತ್ತೆ. ಹತ್ತು ನಿಮಿಷಕ್ಕೆ ತಲೆನೋವು ಮಾತ್ರ ಬರುತ್ತೆ. ಚುಕ್ಕಿ ನೋಡಿದಾಗ ಬಣ್ಣ ಬಯಲು.

ಆಮೇಲೆ ಅಳತೆಗೆ ಕೂತೆ. ದೂರದ ವಸ್ತುವಿಗೆ ಫೋಕಸ್ ಇಟ್ಟು, ಕಣ್ಣಿಡೋ ಕಡೆಯಿಂದ ಒಂದು ಗೇಣು ಹಿಂದೆ ಮೊಬೈಲ್ ಟಾರ್ಚ್ ಹಿಡಿದೆ. ಮುಂದಿನ ಗಾಜಿಗೆ ತಾಗಿಸಿ ಬಿಳಿ ಕಾಗದ ಇಟ್ಟೆ. ಬೆಳಕಿನ ವೃತ್ತ 50 ಮಿ.ಮೀ. ಬರಬೇಕು. ಬಂದಿದ್ದು 32. ಅಂದರೆ ವೃತ್ತದ ವಿಸ್ತೀರ್ಣದ ಲೆಕ್ಕದಲ್ಲಿ, ಸಿಗಬೇಕಾದ ಬೆಳಕಿನಲ್ಲಿ 41 ಪರ್ಸೆಂಟ್ ಅಷ್ಟೇ! ಕಳಪೆ ಲೆನ್ಸಿನ ಅಂಚು ಕಾಣದಿರಲಿ ಅಂತ ಒಳಗೆ ಕಪ್ಪು ರಿಂಗ್ ಕೂರಿಸಿರ್ತಾರೆ.

ಇನ್ನೊಂದು: ಬೈನಾಕ್ಯುಲರನ್ನ ಕೈಚಾಚಿ ಹಗಲಿನ ಆಕಾಶಕ್ಕೆ ಹಿಡಿದರೆ ಕಣ್ಣಿಡೋ ಕಡೆಯ ಗಾಜಲ್ಲಿ ಬೆಳಕಿನ ಸಣ್ಣ ಬಿಲ್ಲೆ ಕಾಣುತ್ತೆ, ಎಕ್ಸಿಟ್ ಪ್ಯೂಪಿಲ್ ಅದು. ಸ್ಕೇಲ್ ಹಿಡಿದರೆ 4 ಮಿ.ಮೀ. ಬೆಳಕು ಒಳಗೆ ಹೋಗೋ ಅಗಲವನ್ನ ಈ ಬಿಲ್ಲೆಯ ಅಗಲದಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತೆ: 32 ಭಾಗಿಸು 4, ಎಂಟು. 20 ಅಲ್ಲ ಸ್ವಾಮಿ, ಎಂಟು! ಬರೆದ ಎರಡು ಸಂಖ್ಯೆಯಲ್ಲಿ ಎರಡೂ ಸುಳ್ಳು.

ಫೋಟೋ ಸಮೇತ ಮಾರಿದವರಿಗೆ ಕಳಿಸಿದೆ. ಮೊದಲ ಉತ್ತರ: "ಸರ್, ಒಂದ್ಸಲ ಕಣ್ಣು ಚೆಕ್ ಮಾಡಿಸಿ." ಎರಡನೇದು: "ಮುಂದಿನ ಗಾಜು 50 ಇದೆಯಲ್ಲ ಸರ್, ಅಳೆದು ನೋಡಿ." ಹೌದು, ಗಾಜು 50 ಇದೆ, ಒಳಗೆ ಬೆಳಕು ಹೋಗಬೇಕಲ್ಲ? ಹಾಗಾದರೆ 20 ಎಲ್ಲಿ ಅಂತ ಕೇಳಿದ್ದಕ್ಕೆ, "ಅದು ಮಾಡೆಲ್ ನಂಬರ್ ಸರ್." ಮಾಡೆಲ್ ನಂಬರ್ ಅಂತೆ! ಇದೇ ಮಾತಾಡ್ತಾ ಏಳು ದಿನ ದಾಟಿಸಿ, ಕೊನೆಗೆ "ರಿಟರ್ನ್ ಟೈಮ್ ಮುಗಿದಿದೆ."

ಗಾಜಿನ ಮೇಲಿನ ಆ ಕೆಂಪು ಲೇಪನ ಬರೀ ಶೋಕಿ. ಕೆಂಪು ಬೆಳಕನ್ನ ಒಳಗೆ ಬಿಡದೆ ವಾಪಸ್ ಕಳಿಸುತ್ತೆ, ಚಂದ್ರನೂ ಹಸಿರು ಹಸಿರು. ಒಳ್ಳೇ ಲೇಪನ ಮಂದವಾಗಿ ಹಸಿರೋ ನೇರಳೆಯೋ ಹೊಳೆಯುತ್ತೆ ಅಷ್ಟೇ.

ನಿಜವಾದ 20× ಸಿಕ್ಕಿದ್ದರೂ ಕೃತಕ ಉಪಗ್ರಹ ನೋಡೋಕೆ ದಂಡವೇ. ನೋಟದ ಅಗಲ ಸುಮಾರು 3 ಡಿಗ್ರಿ. ನೆತ್ತಿ ಮೇಲೆ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಓಡುತ್ತೆ, ಮೂರೇ ಸೆಕೆಂಡಿಗೆ ಮಾಯ. ಟ್ರೈಪಾಡ್ ಇಲ್ಲದಿದ್ದರೆ ಕೈ ನಡುಕ ಬೇರೆ. 10×50ರಲ್ಲಿ ಆರೂವರೆ ಡಿಗ್ರಿ ಸಿಗುತ್ತೆ, ಕೃತ್ತಿಕೆ ಇಡೀ ಗೊಂಚಲು ಆರಾಮಾಗಿ ಕೂರುತ್ತೆ.

ಅಂಗಡಿಗೇ ಹೋಗಿ. ಸ್ಕೇಲ್, ಟಾರ್ಚ್, ಕಾಗದ ಜೇಬಲ್ಲಿರಲಿ, ಅವರು ನಕ್ಕರೆ ನಗಲಿ. ಬಿಎಕೆ-4 (ಒಂದು ಬಗೆಯ ಒಳ್ಳೇ ಗಾಜು) ಪ್ರಿಸಂ ಅಂತ ಕೇಳಿ. ಕಣ್ಣಿಡೋ ಗಾಜಲ್ಲಿ ಕಾಣೋ ಆ ಬೆಳಕಿನ ಬಿಲ್ಲೆ ದುಂಡಗಿರಬೇಕು, ಅಂಚು ಚೌಕಾಕಾರವಾಗಿ ಕತ್ತರಿಸಿದಂತಿದ್ದರೆ ಬೇಡ. ಝೂಮ್ ಇರೋದನ್ನ ಮುಟ್ಟಲೇಬೇಡಿ.

ನಿನ್ನೆ ನೋಡಿದೆ, ಅದೇ ಮಾಲು, ಅದೇ ಫೋಟೋ. ಈಗ 30×60 ಅಂತ ಹಾಕಿದ್ದಾರೆ.