ಐವತ್ತು ಪೈಸೆಯ ಅಂಚೆ ಕಾರ್ಡು: ನಲವತ್ತು ಕೊಂಡವನ ಅಭಿಪ್ರಾಯ

ಸರಕು: ಅಂಚೆ ಇಲಾಖೆಯ ಸಾದಾ ಕಾರ್ಡು. ಬೆಲೆ ಐವತ್ತು ಪೈಸೆ. ಕೊಂಡದ್ದು ನಲವತ್ತು, ಕೊಟ್ಟದ್ದು ಇಪ್ಪತ್ತು ರೂಪಾಯಿ. ಕೊಂಡ ಕಾರಣ: 2025ರ ಶ್ರಾವಣದಲ್ಲಿ ಅಮ್ಮ ಹೋದಳು.

ವಾಟ್ಸ್ಆ್ಯಪ್ ಗುಂಪಿಗೆ ಅದೇ ಬೆಳಿಗ್ಗೆ ಸುದ್ದಿ ಹಾಕಿದ್ದೆ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ತಮ್ಮನ ಮಗನೊಬ್ಬ ಅಭ್ಯಾಸಬಲದಿಂದ ಹೆಬ್ಬೆರಳು ಎತ್ತಿದ. ಆದರೆ ಆ ಗುಂಪಿನಲ್ಲಿ ಇರುವವರೆಲ್ಲ ಅಪ್ಪನ ಕಡೆಯವರು. ಅಮ್ಮನ ತವರು ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಅವಳ ಬಳಗ ಶಿಕಾರಿಪುರ, ಹೊಸನಗರ, ಶಿವಮೊಗ್ಗದ ಸುತ್ತು ಎಂದು ದಿಕ್ಕಿಗೊಂದಾಗಿತ್ತು. ಒಬ್ಬ ಚಿಕ್ಕಮ್ಮ ಮಾತ್ರ ನೀರಿನ ಆಚೆ, ತುಮರಿ ಕಡೆಯಲ್ಲಿ ಉಳಿದಳು. ಇಷ್ಟೂ ಜನರನ್ನು ಒಟ್ಟಿಗೆ ಹಿಡಿದಿದ್ದದ್ದು ಅಮ್ಮನ ಉದ್ದನೆಯ ಲೆಕ್ಕದ ಪುಸ್ತಕ. ಮುಂದಿನಿಂದ ಅಡಿಕೆ ಕೊಯ್ಲಿನ ಕೂಲಿಯ ಲೆಕ್ಕ, ಹಿಂದಿನಿಂದ ವಿಳಾಸ. ಫೋನ್ ನಂಬರು ಇದ್ದದ್ದು ಆರೋ ಏಳೋ ಮಂದಿಯದು. ಮಳೆಗೆ ಕರೆಂಟು ಹೋಗಿ ಮೂರು ದಿನವಾಗಿತ್ತು, ನನ್ನ ಮೊಬೈಲೇ ಆಗಾಗ ಸತ್ತು ಬದುಕುತ್ತಿತ್ತು.

ಸಾಗರದಲ್ಲಿ ನಲವತ್ತು ಕಾರ್ಡು ಕೇಳಿದಾಗ ಕೌಂಟರಿನಲ್ಲಿದ್ದ ಹುಡುಗಿ, 'ಭದ್ರಾವತಿ ಆಕಾಶವಾಣಿಗೆ ಬರೆಯುತ್ತೀರಾ ಸರ್?' ಎಂದಳು. ಕಾರಣ ಹೇಳಿದೆ. ಮುಂದೆ ಮಾತಾಡದೆ ಎರಡು ಸಲ ಎಣಿಸಿ ಕೊಟ್ಟಳು. ಅಪ್ಪ ಹೋದಾಗ ಇಂಥದೇ ಕೌಂಟರಿನಲ್ಲಿ ತಂತಿ ಕೊಟ್ಟಿದ್ದೆವು. 2013ರ ಜುಲೈಯಲ್ಲಿ ಅದೂ ನಿಂತಿತು.

ಈಗ ಗುಣದೋಷ. ಮಳೆಗಾಲದಲ್ಲಿ ಈ ಕಾರ್ಡು ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಜೆಲ್ ಪೆನ್ನಿನಲ್ಲಿ ಬರೆಯಲೇಬೇಡಿ, ಹರಡುತ್ತದೆ. ನನ್ನ ಮೊದಲ ಕಾರ್ಡು ಹಾಗೆಯೇ ಹಾಳಾಯಿತು. ಬಾಲ್ ಪೆನ್ನು ಸರಿ. ಜಾಗ ಕಡಿಮೆ. ಬೆಂಗಳೂರಿನ ಅಣ್ಣನಿಗೆ ಆಸ್ಪತ್ರೆ, ಉಸಿರು, ಔಷಧ ಎಂದು ಎಲ್ಲವನ್ನೂ ಹೇಳಲು ಹೋಗಿ ಸಹಿಗೆ ಸ್ಥಳ ಉಳಿಯಲಿಲ್ಲ. ಹತ್ತನೆಯ ಕಾರ್ಡಿಗೆ ಮಾತು ಇಳಿಯುತ್ತಾ ಬಂದು ಇಷ್ಟಾಯಿತು: 'ರಾತ್ರಿ ಗಂಜಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ನರಳಲಿಲ್ಲ. ಹದಿಮೂರನೆಯ ದಿನ ವೈಕುಂಠ ಸಮಾರಾಧನೆ.' ಜೀವಮಾನವಿಡೀ 'ಹೋದಳು, ಬಂದಳು' ಎಂದವನು ಕಾರ್ಡಿನಲ್ಲಿ ಮಾತ್ರ ಅಮ್ಮನನ್ನು 'ಅವರು' ಮಾಡಿದೆ. ತುಮರಿಯ ಚಿಕ್ಕಮ್ಮನಿಗೆ ಒಂದು ಸಾಲು ಹೆಚ್ಚು ಬರೆದೆ: 'ನೀವು ಕೊಟ್ಟ ಅಪ್ಪೆಮಿಡಿ ಭರಣಿಯಲ್ಲಿ ಇನ್ನೂ ಅರ್ಧ ಇದೆ.'

ತಲೆಯಲ್ಲಿ 'ಶ್ರೀ' ಇಲ್ಲ, 'ಕ್ಷೇಮ' ಇಲ್ಲ, 'ಅಶುಭ' ಎಂದು ಮಾತ್ರ. ಮೂಲೆಗೆ ದೀಪದ ಮಸಿ ಹಚ್ಚಿದೆ. 'ಈ ಕಾಲದಲ್ಲೂ ಇದೆಲ್ಲ ಬೇಕೇ?' ಎಂದು ಹೆಂಡತಿ ಗೊಣಗಿದಳು. ಓದು ಬಾರದವರಿಗೆ ಅಕ್ಷರಕ್ಕಿಂತ ಮೊದಲು ಮೂಲೆ ಸುದ್ದಿ ಹೇಳುತ್ತದೆ ಎಂದು ನನ್ನ ವಾದ. ಇಂಥ ಕಾರ್ಡು ಬಂದರೆ ಅಮ್ಮ ಅಂಗಳದಲ್ಲೇ ನಿಂತು ಓದಿಸಿಕೊಂಡು, ಹರಿದು, ಕೊಟ್ಟಿಗೆಯ ಹಿಂದೆ ಎಸೆದು ಸ್ನಾನಕ್ಕೆ ಹೋಗುತ್ತಿದ್ದಳು. ಮನೆಯೊಳಗೆ ಒಂದೂ ಬರುತ್ತಿರಲಿಲ್ಲ.

ಕಾರ್ಡಿಗೆ ಮುಚ್ಚುಮರೆ ಇಲ್ಲ, ದಾರಿಯಲ್ಲಿ ಯಾರಾದರೂ ಓದಬಹುದು ಎಂದು ದೂರುವವರಿದ್ದಾರೆ. ನಾನು ಪೂರ್ಣ ಅಂಕ ಕೊಡುವುದು ಅದಕ್ಕೇ. ತುಮರಿ ಕಡೆಯ ಅಂಚೆಯವರು ಮಸಿ ನೋಡಿ, ಓದಿ, ಚಿಕ್ಕಮ್ಮನ ಕೈಗೆ ಕೊಡದೆ ಪಕ್ಕದ ಮನೆಗೆ ಹೋಗಿದ್ದಾರೆ. ಪಕ್ಕದವಳು ಒಂದು ಲೋಟ ನೀರು ಹಿಡಿದುಕೊಂಡು ಬಂದು, ಚಿಕ್ಕಮ್ಮನನ್ನು ಜಗಲಿಯಲ್ಲಿ ಕೂರಿಸಿ ಓದಿದ್ದಾಳೆ. ಫೋನಿನಲ್ಲಿ ಹೇಳಿದ್ದರೆ ಒಂಟಿ ಮುದುಕಿ ಒಬ್ಬಳೇ ಕೇಳುತ್ತಿದ್ದಳು. ಇದನ್ನು ಅವಳೇ ಹೇಳಿದಳು, ಹದಿಮೂರನೆಯ ದಿನ ಬಸ್ಸಿನಲ್ಲಿ ಬಂದಾಗ. ಜುಲೈಯಲ್ಲಷ್ಟೇ ತೆರೆದ ಸಿಗಂದೂರಿನ ಸೇತುವೆಯ ಮೇಲೆ ಬಂದವಳು, 'ಲಾಂಚಿಗೆ ಕಾಯದೆ ಬಂದೆ ಮಾರಾಯ. ಅಕ್ಕನಿಗೆ ಇದು ಸಿಗಲಿಲ್ಲ' ಎಂದು ಎಲೆಯ ಮುಂದೆ ಕುಳಿತಳು.

ನಿಧಾನವೇ ದೊಡ್ಡ ದೋಷ. ನನ್ನವು ಮೂರರಿಂದ ಐದು ದಿನ ತೆಗೆದುಕೊಂಡವು. ದಹನಕ್ಕೆ ಜನ ಬೇಕೆಂದರೆ ಕಾರ್ಡನ್ನು ನಂಬಬೇಡಿ. ಜೊತೆಗೆ ಪಿನ್‌ಕೋಡ್ ಸರಿ ಬರೆಯಿರಿ. ಸಾಗರದ 577401 ಬರೆದು ಬರೆದು ರೂಢಿಯಾದ ನನ್ನ ಕೈ ಶಿಕಾರಿಪುರದ ಭಾವನಿಗೂ ಅದನ್ನೇ ಬರೆಯಿತು. ಕಾರ್ಡು ಸುತ್ತಿ ಬಳಸಿ ಸೇರಿ, ವೈಕುಂಠ ಕಳೆದ ಎರಡು ದಿನಕ್ಕೆ ಅವರು ಬಂದರು. ಒದ್ದೆ ಕೊಡೆ ಮಡಚಿ, ಯಾರನ್ನೂ ಬೈಯದೆ, ಉಳಿದಿದ್ದ ಒಂದು ಲಾಡು ತಿಂದು ಹೋದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಬರೆದದ್ದು ಮೂವತ್ತೇಳು. ಒಂದು ತಿಂಗಳ ಮೇಲೆ ಒಂದು ವಾಪಸು ಬಂತು, ಶಿವಮೊಗ್ಗದ ಹತ್ತಿರದ ಮಾವನದು. ವಿಳಾಸದ ಮೇಲೆ ಅಡ್ಡಗೀಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ವಿಳಾಸದಾರರು ತೀರಿಕೊಂಡಿದ್ದಾರೆ'. ಆಷಾಢವಿಡೀ ಅಮ್ಮ 'ಅವನ ಕಾಗದ ಬರಲಿಲ್ಲವಲ್ಲ' ಎನ್ನುತ್ತಿದ್ದಳು. ನಮಗೆ ಯಾರೂ ತಿಳಿಸಿರಲಿಲ್ಲ; ಅಥವಾ ಅವರ ಮನೆಯ ಗುಂಪಿನಲ್ಲಿ ಹಾಕಿ ಎಲ್ಲರಿಗೂ ತಿಳಿಯಿತೆಂದುಕೊಂಡಿರಬೇಕು.

ಹೆಂಡತಿ 'ಹರಿಯಿರಿ' ಎಂದಳು. ಅಂಗಳದಲ್ಲೇ ಹರಿದೆ. ಸ್ನಾನ ಮುಗಿಸಿ ಬಂದು, ಉಳಿದಿದ್ದ ಎರಡರಲ್ಲಿ ಒಂದು ಕಾರ್ಡನ್ನು ಅದೇ ವಿಳಾಸಕ್ಕೆ ಬರೆದೆ. ಮಾವನ ಮಗನ ಹೆಸರು ನನಗೆ ಗೊತ್ತಿಲ್ಲ. 'ಮನೆಯವರಿಗೆ' ಎಂದು ಬರೆದು, ನನ್ನ ಫೋನ್ ನಂಬರು ಹಾಕಿದೆ. ಮೂಲೆಗೆ ಮಸಿ ಹಚ್ಚಲಿಲ್ಲ.