ಮಳೆಗಾಲದ ನಾಯಿ ಶಾಂಪೂ: ಕೀವುಗುಳ್ಳೆಗೆ ಸೈ, ಗಂಟಿಗಲ್ಲ

ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡೀನ್ 2%, ಶಿಲೀಂಧ್ರ ಕೊಲ್ಲುವ ಮೈಕೊನಜೋಲ್ 2% ಇರುವ ಶಾಂಪೂ ಮಲೆನಾಡಿನ ನಾಯಿಗಳಿಗೆ ಹೇಳಿ ಮಾಡಿಸಿದ್ದು. ಜಡಿಮಳೆ ಹಿಡಿದು ಮೈ ಆರದೇ ಇದ್ದಾಗ, ಚರ್ಮದ ಮೇಲೆ ಮೊದಲೇ ಇರುವ ಸ್ಟ್ಯಾಫಿಲೊಕಾಕಸ್ ಸೂಡಿಂಟರ್ಮೀಡಿಯಸ್ ಬ್ಯಾಕ್ಟೀರಿಯಾ ಮಿತಿಮೀರಿ ಕೀವುಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆಗೆ ಈ ಶಾಂಪೂ ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಆದರೆ ಹಚ್ಚಿದ ಕೂಡಲೇ ತೊಳೆದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಉಗುರುಬೆಚ್ಚಗಿನ ನೀರಲ್ಲಿ ಮೈ ನೆನೆಸಿ, ಕೂದಲ ಬುಡಕ್ಕೆ ಇಳಿಯುವಂತೆ ತಿಕ್ಕಿ, ಗಡಿಯಾರ ನೋಡಿ 10 ನಿಮಿಷ ಬಿಡಬೇಕು. ವಾರಕ್ಕೆ 2 ಸಲ, 3-4 ವಾರ. ಮೊದಲು ಮಾಮೂಲಿ ಸೋಪು ಹಚ್ಚಿ ಸರಿಯಾಗಿ ತೊಳೆಯದಿದ್ದರೆ ಕ್ಲೋರ್‌ಹೆಕ್ಸಿಡೀನ್ ಸತ್ವವೇ ಹೋಗುತ್ತದೆ. ಕಣ್ಣಿಗೆ, ಕಿವಿಯೊಳಗೆ ಬೇಡವೇ ಬೇಡ. ಬೆರಳಸಂದಿ ಒರೆಸದೆ ಬಿಟ್ಟರೆ ಮತ್ತೆ ಅಲ್ಲಿಂದಲೇ ಶುರು.

ಇನ್ನು, ಚರ್ಮದ ಬ್ಯಾಕ್ಟೀರಿಯಾ ಎಲ್ಲವೂ ಕೆಟ್ಟದ್ದಲ್ಲ, ಕೆಲವು ಕ್ಯಾನ್ಸರ್ ಗಡ್ಡೆಯನ್ನೂ ತಡೆಯುತ್ತವೆ ಎಂಬ ಮಾತಿದೆ. 2018ರ ಸಂಶೋಧನೆಯೊಂದರಲ್ಲಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಚರ್ಮದ ಬ್ಯಾಕ್ಟೀರಿಯಾದ ಒಂದು ತಳಿ, ಅತಿನೇರಳೆ ಕಿರಣಕ್ಕೆ ಒಡ್ಡಿದ ಇಲಿಗಳಲ್ಲಿ ಗಡ್ಡೆ ಕಡಿಮೆ ಮಾಡಿದ್ದು ನಿಜ. 6-ಎಚ್‌ಎಪಿ ಎಂಬ ರಾಸಾಯನಿಕ ಅದರ ಆಯುಧ. ಅದನ್ನೇ ಹಿಡಿದು ಯಾರಾದರೂ 'ಒಳ್ಳೆ ಬ್ಯಾಕ್ಟೀರಿಯಾ' ಸ್ಪ್ರೇ ಮಾರಲು ಬಂದರೆ ಜೇಬು ಮುಚ್ಚಿಕೊಳ್ಳಿ. ಇಲಿ ಬೇರೆ, ನಿಮ್ಮ ನಾಯಿ ಬೇರೆ.

ಗುಳ್ಳೆ ಮಾಯದೆ ಗಂಟಾದರೆ, ಊದಿ ಇಳಿದು ಮತ್ತೆ ಊದಿದರೆ, ಹಿಸುಕಬೇಡಿ. ಅದು ಮಾಸ್ಟ್ ಸೆಲ್ ಗಡ್ಡೆ ಎಂಬ ಚರ್ಮದ ಕ್ಯಾನ್ಸರ್ ಆಗಿದ್ದರೆ, ಊತ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬಿದ್ದು ಸುತ್ತಲೂ ಕೆಂಪಗೆ ಬಾತುಕೊಳ್ಳುತ್ತದೆ. ಶಾಂಪೂ ಬದಿಗಿಟ್ಟು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಹತ್ತಿರದ ಪಶುವೈದ್ಯರಲ್ಲಿಗೋ ಒಯ್ದು, ಸಣ್ಣ ಸೂಜಿಯಲ್ಲಿ ಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಕೇಳಿ.